ಬಾರಕೂರು: ದೋರಸಮುದ್ರದ ಕಡಲ ಬಾಗಿಲು

ಹಳೇಬೀಡಿಗೆ ಹೊಂದಿಕೊಂಡಂತಿರುವ ಬಸ್ತಿಹಳ್ಳಿಯಲ್ಲಿ ಮೂರು ಜೈನ ಬಸದಿಗಳು ಒಂದೇ ಪ್ರಾಕಾರದೊಳಗೆ ನಿಂತಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು, ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ಮಗ ಬೊಪ್ಪನು ತನ್ನ ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳನ್ನು ಕಂಡವರೆಲ್ಲ ಶಿಲ್ಪಿಯ ಕೈಯನ್ನು ಕೊಂಡಾಡುತ್ತಾರೆ. ಅದು ಯುಕ್ತವೇ ಆಗಿದೆ. ಆದರೆ ಅದನ್ನು ಕಟ್ಟಿಸಿದ್ದು ದಂಡನಾಯಕನ ಮನೆತನವೆಂಬುದನ್ನು ಮರೆಯಲಾಗದು. ದಂಡಿಗೆ ಕುದುರೆ ಬೇಕು. ಉತ್ತಮ ತಳಿಯ ಕುದುರೆಗಳು ಅರೇಬಿಯ ಮತ್ತು ಪರ್ಷಿಯಗಳಿಂದ ಹಡಗುಗಳಲ್ಲಿ ಬರಬೇಕು. ದೋರಸಮುದ್ರವಾದರೋ ಹೆಸರಿಗೆ ಮಾತ್ರ ಸಮುದ್ರ. ಅಲ್ಲಿರುವುದು ಒಂದು ದೊಡ್ಡ ಕೆರೆ. ನಿಜವಾದ ಕಡಲು ಘಟ್ಟದ ಆಚೆಗಿದೆ.

ಹೊಯ್ಸಳರ ಕಾಲದ ಶಾಸನವೊಂದು ಕಮ್ಮಟದ ಚಟ್ಟಿಸೆಟ್ಟಿ ಎಂಬ ವರ್ತಕನು ಕುದುರೆ, ಆನೆ, ಮುತ್ತುಗಳನ್ನು ಹಡಗುಗಳಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಹೊಗಳುತ್ತದೆ. ರಾಜಧಾನಿಯ ಸಂಪತ್ತನ್ನು ಕುರಿತು ಬರೆಯುವಾಗ ನಾವು ಕಲ್ಲನ್ನೇ ನೋಡಿ, ಈ ಹಡಗುಗಳನ್ನು ಬಿಟ್ಟುಬಿಡುತ್ತಿದ್ದೇವೆ. ಆ ಹಡಗುಗಳು ತಂಗುತ್ತಿದ್ದ ತುಳುನಾಡಿನ ಬಂದರುಗಳಲ್ಲಿ ಬಾರಕೂರನ್ನು ಇಲ್ಲಿ ಪರಿಶೀಲಿಸುವೆವು.

ಬಾರಕೂರು ಇಂದಿನ ಉಡುಪಿ ಜಿಲ್ಲೆಯಲ್ಲಿದೆ. ಶಾಸನಗಳು ಇದನ್ನು ಬಾರಕನ್ಯಾಪುರವೆಂದು ಕರೆಯುತ್ತವೆ. ಪಟ್ಟಣವಿರುವುದು ಕಡಲ ದಂಡೆಯ ಮೇಲಲ್ಲ. ಅಳಿವೆಯಿಂದ ಸ್ವಲ್ಪ ಒಳಗೆ, ಸೀತಾನದಿಯ ಬದಿಯಲ್ಲಿ. ಅಳಿವೆಯ ಕಡೆಗೆ ಹಂಗಾರಕಟ್ಟೆ, ಮೂಡಲಿಗೆ ಆಗುಂಬೆಯ ಘಟ್ಟ. ಬಿರುಗಾಳಿಯಿಂದ ಹಡಗಿಗೆ ರಕ್ಷಣೆ, ಹೇರೆತ್ತುಗಳಿಗೆ ಮೇಲುಸೀಮೆಯ ದಾರಿ, ಇವೆರಡೂ ಒಂದೆಡೆ ದೊರೆತದ್ದೇ ಇದರ ಏಳಿಗೆಗೆ ಮೊದಲ ಕಾರಣವೆಂದು ನಮ್ಮ ಅಭಿಪ್ರಾಯ. ಆಳುಪ ಅರಸರು ಇದನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡದ್ದು ಎರಡನೆಯ ಕಾರಣ.

ಈ ಬಂದರು ಹೇಗೆ ನಡೆಯುತ್ತಿತ್ತೆಂಬುದಕ್ಕೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನ ಬರಹವು ಬೆಲೆಯುಳ್ಳ ಆಧಾರವಾಗಿದೆ. ಅವನು 1342ರ ಸುಮಾರಿಗೆ ಈ ಕರಾವಳಿಯಲ್ಲಿ ಪಯಣಿಸಿದನು. ಅವನು ಹೇಳುವ ಫಾಕನೂರು ನಮ್ಮ ಬಾರಕೂರೇ. ಊರು ಅಳಿವೆಯ ಮೇಲಿದೆ, ಕಬ್ಬು ಹೇರಳವಾಗಿದೆ, ಅರಸನ ಹೆಸರು ಬಾಸದೇವ, ಅಂದರೆ ವಾಸುದೇವ. ಅವನಿಗೆ ಸುಮಾರು 30 ಯುದ್ಧನೌಕೆಗಳಿದ್ದು, ಅವುಗಳ ಒಡೆಯನು ಲೂಲಾ ಎಂಬ ಮುಸಲ್ಮಾನ. ಅಲ್ಲಿಂದ ಹಾದುಹೋಗುವ ಪ್ರತಿಯೊಂದು ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಬೇಕು. ಇದಕ್ಕೆ ಬಂದರಿನ ಹಕ್ಕೆಂದು ಹೆಸರು. ತಪ್ಪಿಸಿಕೊಂಡು ಹೋದವರನ್ನು ನೌಕೆಗಳು ಬೆನ್ನಟ್ಟಿ ಹಿಡಿದು ತಂದು, ಸುಂಕವನ್ನು ಇಮ್ಮಡಿಯಾಗಿ ವಸೂಲು ಮಾಡಿ, ಮನಬಂದಷ್ಟು ಕಾಲ ತಡೆದಿಡುತ್ತಿದ್ದವು. ಪ್ರವಾಸಿಯು ಇದನ್ನು ಪ್ರೀತಿಯಿಂದೇನೂ ಬರೆದಿಲ್ಲ. ಲೂಲಾನನ್ನು ಅವನು ಕಡಲುಗಳ್ಳನೆಂದೇ ಜರೆಯುತ್ತಾನೆ. ಸುಂಕ ತೆತ್ತವನಿಗೆ ಸುಂಕದವನು ಕಳ್ಳನಾಗಿ ಕಾಣುವುದು ಹೊಸದಲ್ಲ. ನಮಗೆ ಮುಖ್ಯವಾದುದು, ಕಡಲಿನ ಮೇಲೆ ಅಧಿಕಾರ ನಡೆಸಬಲ್ಲ ಶಕ್ತಿ ಈ ಪಟ್ಟಣಕ್ಕಿತ್ತೆಂಬುದು.

ಇದೇ ಕಾಲದಲ್ಲಿ ಮೂರನೆಯ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿಯ ಶಾಸನಗಳು ಬಾರಕೂರಿನ ನಾಡಿನಲ್ಲಿ ದೊರೆಯುತ್ತವೆ. ಘಟ್ಟದ ಮೇಲಿನ ಅರಸನಿಗೂ ಘಟ್ಟದ ಕೆಳಗಿನ ಬಂದರಿಗೂ ಇದ್ದ ನಂಟು ಇದರಿಂದ ವಿಶದವಾಗುತ್ತದೆ. 1311ರಲ್ಲಿ ಮಲಿಕ್ ಕಾಫೂರನು ದೋರಸಮುದ್ರವನ್ನು ಮುತ್ತಿ ಆನೆ ಕುದುರೆಗಳನ್ನು ಕಪ್ಪವಾಗಿ ಒಯ್ದಿದ್ದನು. ಬರಿದಾದ ಲಾಯವನ್ನು ಮತ್ತೆ ತುಂಬಬೇಕಾಗಿದ್ದ ಅರಸನಿಗೆ ಪಡುಗಡಲ ಬಂದರು ಅಲಂಕಾರವಾಗಿರದೆ ಅಗತ್ಯವಾಗಿತ್ತೆಂದು ಊಹಿಸಬಹುದು. 1327ರ ಸುಮಾರಿಗೆ ದೆಹಲಿಯ ಸೈನ್ಯವು ಮತ್ತೆ ಬಂದು ದೋರಸಮುದ್ರವನ್ನು ಹಾಳುಗೆಡವಿತು. ಬೀಡು ಹಳೇಬೀಡಾಯಿತು.

ಬಂದರು ಮಾತ್ರ ಉಳಿಯಿತು. ವಿಜಯನಗರದ ಅರಸರು ತುಳುನಾಡನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯಗಳೆಂದು ವಿಭಾಗಿಸಿ ಇಲ್ಲಿಗೆ ಅಧಿಕಾರಿಗಳನ್ನು ಕಳುಹಿಸಿದರು. ಪಟ್ಟಣವು ಹತ್ತು ಕೇರಿಗಳಾಗಿ ಬೆಳೆಯಿತು. ಹತ್ತುಕೇರಿಯ ಹಲರು ಶಾಸನಗಳಲ್ಲಿ ಅರಸನ ಅಧಿಕಾರಿಯೊಡನೆ ಕಾಣಿಸಿಕೊಳ್ಳುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸನು ಬಾರಕೂರು, ಬಸರೂರುಗಳಿಂದ ಮಲಬಾರು, ಓರ್ಮಜ್, ಏಡನ್‌ಗಳಿಗೆ ಅಕ್ಕಿ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಮುಂದೆ ಪೋರ್ಚುಗೀಸರ ಕಡಲ ಹಿಡಿತ, 1565ರಲ್ಲಿ ವಿಜಯನಗರದ ಸೋಲು ಇವುಗಳಿಂದ ವ್ಯಾಪಾರ ಕುಗ್ಗಿತು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಾರಕೂರಿಗೆ ಅಂತಹ ಪ್ರಸಿದ್ಧಿ ಬಂದಿಲ್ಲ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಹೊಸಕೇರಿ ಎಂಬ ಹೆಸರುಗಳು ಜನರ ಬಾಯಲ್ಲಿ ಉಳಿದಿವೆ. ಮಣಿಗಾರಕೇರಿಯ ಕತ್ತಲೆ ಬಸದಿಯಲ್ಲಿ ಬಸ್ತಿಹಳ್ಳಿಯ ನಯಗೆಲಸವಿಲ್ಲ; ಮಳೆನಾಡಿಗೆ ತಕ್ಕಂತೆ ಹಾಸುಗಲ್ಲನ್ನು ಇಳಿಜಾರಾಗಿ ಹೊದಿಸಿದ ಮಾಡು ಅದರದು.