ಹೆಸರಿಲ್ಲದ ಗಾಂಧಾರ



ರೇಡಿಯೋದಲ್ಲಿ ಹಾಡು ಹಾಕುವಾಗ ಗಾಯಕರ ಹೆಸರು ಹೇಳುತ್ತೇವೆ, ಸಂಗೀತ ನಿರ್ದೇಶಕರ ಹೆಸರು ಹೇಳುತ್ತೇವೆ, ಹಾಡು ಬರೆದ ಕವಿಯ ಹೆಸರೂ ಹೇಳುತ್ತೇವೆ. ಆದರೆ ಇಡೀ ಹಾಡನ್ನು ಕೆಳಗಿನಿಂದ ಹೊತ್ತು ನಿಲ್ಲುವ ಬೇಸ್ ಗಿಟಾರ್ ನುಡಿಸಿದವರು ಯಾರು? ಕ್ಯಾಸೆಟ್ ಹೊದಿಕೆಯ ಮೇಲೂ ಆ ಹೆಸರು ಸಿಗುತ್ತಿದ್ದುದು ಅಪರೂಪ. ಈ ಸಲ ಆ ವಾದ್ಯದ ಕಥೆ ಕೇಳಿ.

ಮೊದಲೆಲ್ಲ ಮಂದ್ರ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಬೇಕಿತ್ತು. ಅದನ್ನು ಊರೂರಿಗೆ ಹೊರುವುದು ಕಷ್ಟ. ಡ್ರಮ್ಮಿನ ಗದ್ದಲದಲ್ಲಿ ಅದು ಕೇಳಿಸುವುದು ಇನ್ನೂ ಕಷ್ಟ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಹೆಗಲಿಗೆ ತೂಗುಹಾಕಿಕೊಳ್ಳುವ ವಿದ್ಯುತ್ ಬೇಸ್ ಮಾರುಕಟ್ಟೆಗೆ ತಂದರು. ಅವರು ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು! ನಮ್ಮ ವೀಣೆಗೆ ಮೆಟ್ಟಿಲುಗಳಿರುವಂತೆ ಈ ವಾದ್ಯಕ್ಕೆ ಫ್ರೆಟ್‌ಗಳಿದ್ದವು. ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಅದಕ್ಕೇ 'ಪ್ರಿಸಿಷನ್ ಬೇಸ್' ಎಂಬ ಹೆಸರು.

ಇದರ ಮೇಲೆ ಮೈನರ್ ಕಾರ್ಡ್ ಕಲಿಯಬೇಕೇ? ಮೂರು ಸ್ವರ ಒಟ್ಟಿಗೆ ಮೀಟಿದರೆ ಮಂದ್ರದಲ್ಲಿ ಕಲಸಿಹೋಗುತ್ತವೆ. ಆದ್ದರಿಂದ ಒಂದೊಂದಾಗಿ ನುಡಿಸಬೇಕು. ಎ ಮೈನರ್‌ಗೆ ತೋರುಬೆರಳು ಎಲ್ಲಕ್ಕಿಂತ ದಪ್ಪ ತಂತಿಯ 5ನೇ ಫ್ರೆಟ್‌ನಲ್ಲಿ, ಕಿರುಬೆರಳು ಅದೇ ತಂತಿಯ 8ರಲ್ಲಿ, ಉಂಗುರಬೆರಳು ಪಕ್ಕದ ತಂತಿಯ 7ರಲ್ಲಿ. ನಮ್ಮ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಪುಣೆ, ಮುಂಬಯಿಯಲ್ಲಿ ಹಿಂದೂಸ್ತಾನಿ ಕಲಿತವರಿಗೆ ಅದು ಕೋಮಲ ಗಾಂಧಾರ. ಆ ಗಾಂಧಾರವೊಂದನ್ನು ಒಂದು ಫ್ರೆಟ್ ಏರಿಸಿ ನೋಡಿ, ಮೇಜರ್ ಆಯಿತು! ಸ್ವರ ಒಂದೇ ಒಂದು ಸರಿದರೂ ಹಾಡಿನ ಭಾವವೇ ಬೇರೆ.

ಇದನ್ನು ಚೆನ್ನಾಗಿ ಬಲ್ಲವರು ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್‌ಸನ್. ಡಬಲ್ ಬೇಸ್‌ನಿಂದ ಬಂದವರು, ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. 1968ರಲ್ಲಿ ಬಂದ ಮಾರ್ವಿನ್ ಗೇ ಅವರ 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್' ಮೈನರ್‌ನಲ್ಲಿದೆ. ಆ ಹಾಡಿನ ತಳಮಳಕ್ಕೆ ನೆಲೆ ಜೇಮರ್‌ಸನ್ ಅವರ ಬೇಸ್. ಇಂಥ ಹಾಡುಗಳು ಜಗತ್ತು ಸುತ್ತಿದವು, ನುಡಿಸಿದವರ ಹೆಸರು ಮಾತ್ರ ವರ್ಷಗಟ್ಟಲೆ ಅಚ್ಚಾಗಲಿಲ್ಲ. 1971ರಲ್ಲಿ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂನಲ್ಲಿ ಅದು ಕಾಣಿಸಿತು. 1983ರಲ್ಲಿ, 47ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

ಮುಂದಿನ ಸಲ ನಿಮ್ಮಿಷ್ಟದ ಹಾಡು ಬಂದಾಗ ಒಂದು ಚರಣದ ಮಟ್ಟಿಗೆ ಗಾಯಕರನ್ನು ಬಿಟ್ಟು ಕೆಳಗಿನ ದನಿಗೆ ಕಿವಿಗೊಡಿ. ಗಾಂಧಾರ ಕೋಮಲವೋ, ಶುದ್ಧವೋ ಎಂದು ಗುರುತಿಸಿ. ಅಲ್ಲಿ ಯಾರೋ ಒಬ್ಬರು ನಿಮಗಾಗಿ ನುಡಿಸುತ್ತಿದ್ದಾರೆ.