ಪಡುವಣ ಕಡಲಿನ ಪುರಿ ಮತ್ತು ಐಹೊಳೆಯ ಕಲ್ಲು

ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಬಳಿ ಲಾಂಚ್ ಹತ್ತಿ ಸುಮಾರು ಒಂದು ಗಂಟೆ ಸಾಗಿದರೆ ಘಾರಾಪುರಿ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಪ್ರವಾಸಿಗರು ಬಲ್ಲ ಹೆಸರು ಎಲಿಫಂಟಾ. ತಾಳೆ, ಮಾವು, ಹುಣಸೆ ಮರಗಳ ನಡುವಿನ ಮೆಟ್ಟಿಲುಗಳನ್ನು ಏರಿ ದೊಡ್ಡ ಗುಹೆಯೊಳಗೆ ಕಾಲಿಟ್ಟ ಬಾದಾಮಿ, ಹುನಗುಂದ ಸೀಮೆಯ ಯಾರಿಗಾದರೂ ಒಂದು ಕ್ಷಣ ಊರ ನೆನಪಾಗದೆ ಇರದು. ಇಡೀ ಬಂಡೆಯನ್ನು ಕೊರೆದು ಮಾಡಿದ ಮಂಟಪ, ಸಾಲುಗಂಬಗಳು, ಗೋಡೆಯಿಂದ ಹೊರಬರುವಂತೆ ನಿಂತ ನಟರಾಜ, ಅರ್ಧನಾರೀಶ್ವರ, ಗಂಗಾಧರ ಮೂರ್ತಿಗಳು. ಇವೆಲ್ಲ ಬಾದಾಮಿಯ ಮೊದಲ ಗುಹೆಯಲ್ಲೋ ಐಹೊಳೆಯ ರಾವಣಫಡಿಯಲ್ಲೋ ಕಂಡವೇ ಅಲ್ಲವೆ?

ಈ ಹೋಲಿಕೆಯಿಂದಲೇ ಎಲಿಫಂಟಾವನ್ನು ಕಡೆಸಿದವರು ನಮ್ಮ ಚಾಲುಕ್ಯರು ಎಂಬ ಮಾತೂ ಹುಟ್ಟಿಕೊಂಡಿದೆ. ಅಭಿಮಾನದ ಮಾತು ಕೇಳಲು ಹಿತ. ಆದರೆ ಅದಕ್ಕೆ ಆಧಾರವೇನು? ಆಶ್ಚರ್ಯವೆಂದರೆ, ಆ ಕಡಲ ನಡುವಿನ ಗುಡ್ಡದ ಬಗ್ಗೆ ಒಂದಿಷ್ಟು ಬೆಳಕು ಸಿಗುವುದು ಕಡಲಿನಿಂದ ಬಹುದೂರದ ಹುನಗುಂದ ತಾಲ್ಲೂಕಿನ ಇನ್ನೊಂದು ಗುಡ್ಡದ ಮೇಲೆ.

ಮೇಗುತಿಯ ಗೋಡೆ

ಐಹೊಳೆಯ ಮೇಗುತಿ ಜಿನಾಲಯದ ಪೂರ್ವ ಗೋಡೆಯಲ್ಲಿ ರವಿಕೀರ್ತಿ ರಚಿಸಿದ ಸಂಸ್ಕೃತ ಶಾಸನವಿದೆ. ಶಕವರ್ಷ 556, ಅಂದರೆ ಕ್ರಿ.ಶ. 634-35ರ ಈ ಶಾಸನ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳ ಪಟ್ಟಿ. ಹರ್ಷವರ್ಧನನನ್ನು ಸೋಲಿಸಿದ ಪ್ರಸಂಗವನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಶಾಸನದಲ್ಲಿರುವ ಕಡಲ ಯುದ್ಧಗಳು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಕೊಂಕಣದ ಮೌರ್ಯರನ್ನು ಗೆದ್ದ ಮೇಲೆ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ 'ಪುರಿ'ಯನ್ನು ಮುತ್ತಿದ ಎನ್ನುತ್ತಾನೆ ರವಿಕೀರ್ತಿ. ನೂರಾರು ಹಡಗುಗಳು ಮದ್ದಾನೆಗಳ ಸಾಲಿನಂತೆ ಕಂಡವೆಂದೂ ಮೋಡ ಕವಿದ ಆಕಾಶ ಕಡಲನ್ನೂ ಕಡಲು ಆಕಾಶವನ್ನೂ ಹೋಲುತ್ತಿತ್ತೆಂದೂ ಅವನ ವರ್ಣನೆ. ಕವಿಯ ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವ ಸಂಗತಿ ದೊಡ್ಡದು: ಮಲಪ್ರಭೆಯ ದಡದ ಅರಸನೊಬ್ಬನ ಕೈಯಲ್ಲಿ ನೌಕಾಬಲವಿತ್ತು.

ಇದಕ್ಕೂ ಮೊದಲು ಅವನ ಚಿಕ್ಕಪ್ಪ ಮಂಗಳೇಶ 'ರೇವತೀದ್ವೀಪ'ವನ್ನು ಗೆದ್ದ ಸಂಗತಿಯೂ ಇದೇ ಶಾಸನದಲ್ಲಿದೆ. ಅದನ್ನು ವಿದ್ವಾಂಸರು ಈಗಿನ ಸಿಂಧುದುರ್ಗ ಜಿಲ್ಲೆಯ ರೇಡಿ ಎಂದು ಗುರುತಿಸಿದ್ದಾರೆ. ರೇಡಿಯ ಸುತ್ತ ಎಲ್ಲ ಕಡೆ ನೀರಿಲ್ಲವಲ್ಲ ಎಂದು ಕೇಳಬಹುದು. ಸಂಸ್ಕೃತದ 'ದ್ವೀಪ' ಶಬ್ದದ ಮೂಲಾರ್ಥ ಎರಡು ಕಡೆ ನೀರಿರುವ ನೆಲ ಎಂದಷ್ಟೇ. ಕಡಲಿಗೂ ಹಿನ್ನೀರಿಗೂ ನಡುವಿನ ಭೂಮಿಗೂ ಅದು ಸಲ್ಲುತ್ತದೆ. ಚಾಲುಕ್ಯರ ಅಧಿಕಾರಿ ಧ್ರುವರಾಜ ಇಂದ್ರವರ್ಮ ರೇವತೀದ್ವೀಪದಲ್ಲಿದ್ದುಕೊಂಡು ಆಳುತ್ತಿದ್ದನೆಂಬುದಕ್ಕೆ ಶಕ 532ರ (ಕ್ರಿ.ಶ. 610) ತಾಮ್ರಪಟದ ಸಾಕ್ಷಿಯಿದೆ. ಗೆಲುವು ಬರಿಯ ಹೊಗಳಿಕೆಯಾಗಿರಲಿಲ್ಲ.

ಪುರಿ ಯಾವುದು?

ಪುರಿಯ ವಿಷಯದಲ್ಲಿ ಇಷ್ಟು ಖಚಿತತೆಯಿಲ್ಲ. ಘಾರಾಪುರಿಯೇ ಆ ಪುರಿ ಎಂಬುದು ಒಂದು ಪಕ್ಷ. ಜಂಜೀರಾ ಕೋಟೆಯ ಬಳಿಯ ರಾಜಾಪುರಿ ಎಂಬುದು ಇನ್ನೊಂದು. ಹೆಸರಿನ ಸಾಮ್ಯ ಎರಡಕ್ಕೂ ಇದೆ. ಎಲಿಫಂಟಾದ ಪೂರ್ವದ ಗುಡ್ಡದಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ಶೈವ ಗುಹೆಗಳಿಗಿಂತ ಬಹಳ ಹಿಂದೆಯೇ ಅಲ್ಲಿ ಜನವಸತಿ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಆದರೆ ವಸತಿಯಿದ್ದ ಮಾತ್ರಕ್ಕೆ ಅದೇ ರಾಜಧಾನಿ ಎನ್ನಲಾಗದು.

ಗುಹೆಯನ್ನು ಕೊರೆಸಿದವರು ಯಾರು ಎಂಬುದಕ್ಕೆ ಸುಳಿವು ದೊರೆತದ್ದು ನಾಣ್ಯಗಳಿಂದ. ಕಲಚೂರಿ ಅರಸ ಕೃಷ್ಣರಾಜನ ಸಣ್ಣ ನಾಣ್ಯಗಳು ಈ ದ್ವೀಪದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಸಿಕ್ಕಿವೆ. ಆತ ಆಳಿದ್ದು 6ನೇ ಶತಮಾನದ ನಡುಭಾಗದಲ್ಲಿ. ಅಲ್ಲಿ ದುಡಿದ ಕಲ್ಲುಕುಟಿಗರಿಗೆ ಕೂಲಿಯಾಗಿ ಸಂದ ನಾಣ್ಯಗಳಿರಬೇಕು ಇವು ಎಂದು ಊಹಿಸಿದವರಿದ್ದಾರೆ. ಒಂದು ಕಾಲಕ್ಕೆ ಈ ಗುಹೆಯನ್ನು 8ನೇ ಶತಮಾನದ ರಾಷ್ಟ್ರಕೂಟರಿಗೆ ಸೇರಿಸುತ್ತಿದ್ದ ವಾದ ಈಗ ಹಿಂದೆ ಸರಿದಿದೆ. ಇಂದು ಹೆಚ್ಚಿನವರು ಒಪ್ಪುವುದು ಕಲಚೂರಿಗಳ ಕಾಲವನ್ನೇ.

ಹಾಗಾದರೆ ಲೆಕ್ಕ ಹೀಗಾಗುತ್ತದೆ. ಬಾದಾಮಿಯ ಮೂರನೆಯ ಗುಹೆ ಮುಗಿದದ್ದು ಶಕ 500ರಲ್ಲಿ, ಕ್ರಿ.ಶ. 578ರಲ್ಲಿ, ಮಂಗಳೇಶನ ಶಾಸನವೇ ಅಲ್ಲಿದೆ. ಎಲಿಫಂಟಾದ ಗುಹೆ ಅದಕ್ಕೆ ಸ್ವಲ್ಪ ಮೊದಲಿನದು ಅಥವಾ ಹೆಚ್ಚುಕಡಿಮೆ ಸಮಕಾಲೀನ. ಪುಲಕೇಶಿ ಗೆದ್ದ ಪುರಿ ಘಾರಾಪುರಿಯೇ ಎಂದಿಟ್ಟುಕೊಂಡರೂ ಅವನ ಹಡಗುಗಳು ಬರುವ ಹೊತ್ತಿಗೆ ಆ ಮೂರು ಮೊಗದ ಸದಾಶಿವ ಅಲ್ಲಿ ನೆಲೆನಿಂತು ಎರಡು ಮೂರು ತಲೆಮಾರು ಕಳೆದಿತ್ತು. ಚಾಲುಕ್ಯರು ಅಲ್ಲಿಗೆ ಹೋಗಿದ್ದರೆ ಗೆದ್ದವರಾಗಿ ಹೋದರು, ಕಡೆಸಿದವರಾಗಿ ಅಲ್ಲ.

ಹೋಲಿಕೆಯ ಗುಟ್ಟು

ಮೂರ್ತಿಗಳು ಅಷ್ಟೊಂದು ಹೋಲುವುದೇಕೆ? ಎರಡೂ ರಾಜ್ಯಗಳಲ್ಲಿ ಶೈವಧರ್ಮ, ಅದರಲ್ಲೂ ಪಾಶುಪತ ಪಂಥ, ಪ್ರಬಲವಾಗುತ್ತಿದ್ದ ಕಾಲವದು. ಒಂದೇ ಪುರಾಣ, ಒಂದೇ ಧ್ಯಾನಶ್ಲೋಕದ ಪರಂಪರೆ ಎರಡು ಕಡೆಯ ಶಿಲ್ಪಿಗಳ ಮುಂದಿತ್ತು. ವ್ಯತ್ಯಾಸ ಕಲ್ಲಿನಲ್ಲಿದೆ. ಎಲಿಫಂಟಾದ್ದು ಕಪ್ಪು ಬಸಾಲ್ಟ್ ಶಿಲೆ. ಬಾದಾಮಿಯದು ಕೆಂಪು ಮರಳುಗಲ್ಲು. ಅಲ್ಲಿನ ಸದಾಶಿವ ಸುಮಾರು 20 ಅಡಿ ಎತ್ತರದ ಗಂಭೀರ ಮೌನ. ಇಲ್ಲಿನ ನಟರಾಜ 18 ಕೈಗಳ ಚಲನೆ.

ಎರಡು ನಾಡುಗಳ ನಂಟು ಕಲೆಯಲ್ಲಷ್ಟೇ ನಿಲ್ಲಲಿಲ್ಲ. ಕೃಷ್ಣರಾಜನ ಮೊಮ್ಮಗ ಬುದ್ಧರಾಜನನ್ನು ಮಂಗಳೇಶ ಸೋಲಿಸಿ ಅವನ ಸಂಪತ್ತನ್ನು ವಶಪಡಿಸಿಕೊಂಡ. ಅದನ್ನು ಬಾದಾಮಿ ತಾಲ್ಲೂಕಿನ ಮಹಾಕೂಟದ ದೇವರಿಗೆ ಅರ್ಪಿಸಿದ್ದನ್ನು ಅಲ್ಲಿ ನಿಲ್ಲಿಸಿದ ಕಂಬದ ಶಾಸನ ಹೇಳುತ್ತದೆ. ಆ ಕಂಬ ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಎಲಿಫಂಟಾವನ್ನು ಕಡೆಸಿದ ಮನೆತನದ ಸಂಪತ್ತು ಮಹಾಕೂಟದ ಶಿವನ ಪಾಲಾಯಿತು!

ಕಳೆದುಹೋದ ಕಲ್ಲು

ಇಷ್ಟೆಲ್ಲ ಊಹೆ, ವಾದ ಏಕೆ ಬೇಕಾಯಿತು? ಎಲಿಫಂಟಾದ ದೊಡ್ಡ ಗುಹೆಗೆ ಇಂದು ಶಾಸನವಿಲ್ಲ, ಅದಕ್ಕೆ. ಒಂದು ಕಾಲಕ್ಕೆ ಇತ್ತು. ದ್ವೀಪ 1534ರಲ್ಲಿ ಪೋರ್ಚುಗೀಸರ ಕೈಸೇರಿದ ಮೇಲೆ ಬಾಗಿಲ ಬಳಿಯಿದ್ದ ಅಕ್ಷರಗಳ ಕಲ್ಲೊಂದನ್ನು ಕಿತ್ತು ಪೋರ್ಚುಗಲ್ಲಿನ ದೊರೆಗೆ ಕಳಿಸಲಾಯಿತು, ಅದನ್ನು ಓದಬಲ್ಲವರು ಯಾರೂ ಸಿಗಲಿಲ್ಲ ಎಂದು ಅವರದೇ ಇತಿಹಾಸಕಾರ ದಿಯೋಗೊ ದೊ ಕೌತೊ ಬರೆದಿಟ್ಟಿದ್ದಾನೆ. ಆ ಕಲ್ಲು ಮತ್ತೆ ಪತ್ತೆಯಾಗಲಿಲ್ಲ. ದ್ವೀಪಕ್ಕೆ ಎಲಿಫಂಟಾ ಎಂಬ ಹೆಸರು ತಂದ ಕಲ್ಲಾನೆಯೂ ಅಲ್ಲಿಲ್ಲ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಒಡೆಯಿತು. ಕೂಡಿಸಿದ ಚೂರುಗಳು ಮುಂಬೈಯ ಬೈಕಲಾದಲ್ಲಿವೆ.

ಮೇಗುತಿಯ ಕಲ್ಲು ಮಾತ್ರ ತನ್ನ ಗೋಡೆಯಲ್ಲೇ ಉಳಿಯಿತು. 19ನೇ ಶತಮಾನದಲ್ಲಿ ಫ್ಲೀಟ್, ಅನಂತರ ಕೀಲ್‌ಹಾರ್ನ್ ಅದನ್ನು ಓದಿ ಪ್ರಕಟಿಸಿದರು. ಅದು ಉಳಿದದ್ದರಿಂದಲೇ ಪುಲಕೇಶಿಯ ಹಡಗುಗಳ ಸುದ್ದಿ ನಮಗೆ ತಲುಪಿತು. ದ್ವೀಪದ ಕಲ್ಲು ಹೋದದ್ದರಿಂದ ಅಷ್ಟು ದೊಡ್ಡ ಶಿವಾಲಯವನ್ನು ಕೊರೆಸಿದವನ ಹೆಸರನ್ನು ಪುಡಿ ನಾಣ್ಯಗಳಲ್ಲಿ ಹುಡುಕಬೇಕಾಯಿತು.

ಎಲಿಫಂಟಾ ಮತ್ತು ಪಟ್ಟದಕಲ್ಲು ಎರಡೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ. ಪಟ್ಟಿಗೆ ಸೇರಿದ ತಾಣಗಳಿಗೆ ಕಾವಲಿದೆ, ಟಿಕೆಟ್ಟಿದೆ. ಆದರೆ ಬಾಗಲಕೋಟೆ ಜಿಲ್ಲೆಯ ಊರೂರುಗಳಲ್ಲಿ ಗುಡಿಯ ಮೆಟ್ಟಿಲಾಗಿ, ಹಿತ್ತಿಲ ಗೋಡೆಯಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆಯುವ ಅಕ್ಷರದ ಕಲ್ಲುಗಳಿಗೆ ಊರವರೇ ಕಾವಲು. ಅಂಥದೊಂದು ಕಲ್ಲಿನಲ್ಲಿ ಯಾವ ದೂರದ ಊರಿನ ಕಥೆ ಬರೆದಿದೆಯೋ ಓದುವವರೆಗೆ ಯಾರಿಗೂ ಗೊತ್ತಾಗದು.