ಒಂದು ಬಲ್ಬಿನಿಂದ ಒಂದು ಪ್ಲಗ್ಗಿನ ತನಕ

"ಕಾಕಾ, ಮನ್ಯಾಗ ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಕೊಡ್ರಿ." ನಮ್ಮ ಕೇರಿಯ ವಾಯರ್‌ಮನ್ ಕಾಕಾಗ ಈಗ ದಿನಾ ಇದೇ ಮಾತು. ಒಬ್ಬರಿಗೆ ಹೊಲಿಗೆ ಮಷಿನ್ನಿನ ಮೋಟಾರಿಗೆ ಬೇಕು, ಇನ್ನೊಬ್ಬರಿಗೆ ಮಗಳು ಓದೋ ಮೂಲೆಗೆ ಫ್ಯಾನು ಹಚ್ಚಬೇಕು. ಕೇಳಿದರೆ ಸಣ್ಣ ಮಾತು. ಆದರೆ ಗೋಡೆಯ ಮೇಲಿನ ಮೂರು ತೂತಿನ ಈ ಡಬ್ಬಿ ನಮ್ಮ ಮನೆತನಕ ಬಂದ ಹಾದಿ ಸಣ್ಣದಲ್ಲ. ಸ್ಮರಣ ಸಂಚಿಕೆ ಓದುವ ತರುಣರು ಆ ಹಾದಿಯನ್ನು ಒಮ್ಮೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಕಡೆಯೂ ಕರೆಂಟು ಮನೆಯೊಳಗೆ ಮೊದಲು ಬಂದದ್ದು ದೀಪಕ್ಕಾಗಿ. ಅಮೆರಿಕದಲ್ಲೂ ಮೊದಮೊದಲು ಬೇರೆ ಯಂತ್ರ ಹಚ್ಚಬೇಕಾದರೆ ಬಲ್ಬು ತೆಗೆದು ಅದರ ಹೋಲ್ಡರಿನಿಂದಲೇ ಕರೆಂಟು ತಗೋತಿದ್ದರು. 1904ರಲ್ಲಿ ಹಾರ್ವೆ ಹಬ್ಬೆಲ್ ಕಳಚಿ ಜೋಡಿಸುವ ಪ್ಲಗ್ಗಿಗೆ ಪೇಟೆಂಟ್ ಪಡೆದ. ಅದೂ ಬಲ್ಬಿನ ಹೋಲ್ಡರಿಗೇ ಕೂರುವಂಥದ್ದು. ನಾವು ಬಳಸುವ ಮೂರು ಗುಂಡು ಪಿನ್ನಿನ ಪ್ಲಗ್ಗು ಬ್ರಿಟಿಷರ 1934ರ ಮಾನದಂಡದಿಂದ ಬಂದದ್ದು. ಅವರು 1947ರಲ್ಲಿ ಚಪ್ಪಟೆ ಪಿನ್ನಿನ ಹೊಸ ಮಾದರಿ ತಂದರು. ನಮ್ಮಲ್ಲಿ ಹಳೆಯದೇ ಉಳಿಯಿತು.

ನಮ್ಮ ಕಡೆ ಕರೆಂಟು ಮನೆಗಿಂತ ಮೊದಲು ಗಿರಣಿಗೆ ಹೋಯಿತು. 1915ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುತ್ ಕೇಂದ್ರದಿಂದ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಕರೆಂಟು ಹರಿಯಿತು. ಯಂತ್ರ ಹೊಸದಾಯಿತು, ಮನಸ್ಸು ಹೊಸದಾಗಲಿಲ್ಲ. ನೇಯ್ಗೆ ಖಾತೆಯಲ್ಲಿ ನೂಲನ್ನು ಬಾಯಿಂದ ಎಳೆದು ಲಾಳಿಗೆ ಪೋಣಿಸಬೇಕಿತ್ತು. ಮುಟ್ಟಿದರೆ ಮೈಲಿಗೆ ಎಂದು ನಮ್ಮವರನ್ನು ಆ ಖಾತೆಗೆ ಸೇರಿಸುತ್ತಿರಲಿಲ್ಲ. ಹೆಚ್ಚು ಪಗಾರ ಇದ್ದದ್ದೂ ಅಲ್ಲೇ. 1928ರ ಗಿರಣಿ ಮುಷ್ಕರದ ಕಾಲಕ್ಕೆ ಬಾಬಾಸಾಹೇಬರು ಈ ಅನ್ಯಾಯವನ್ನು ಎತ್ತಿ ಹಿಡಿದರು.

ಬಾಬಾಸಾಹೇಬರನ್ನು ನಾವು ಸಂವಿಧಾನದಿಂದ ಬಲ್ಲೆವು. ಕರೆಂಟಿನ ಕೆಲಸದಲ್ಲೂ ಅವರ ಕೈ ಇದೆ ಎಂಬುದು ಭಾಳ ಮಂದಿಗೆ ಗೊತ್ತಿಲ್ಲ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ ಖಾತೆಯೂ ಅವರ ಕಡೆಗೇ ಇತ್ತು. 1943ರ ಅಕ್ಟೋಬರ್ 25ರಂದು ವಿದ್ಯುತ್ ಕುರಿತ ನೀತಿ ಸಮಿತಿಯ ಮುಂದೆ ಮಾತಾಡಿ, ಕರೆಂಟು ಅಗ್ಗವಾಗಿ, ಹೇರಳವಾಗಿ ಸಿಗದೆ ಕೈಗಾರಿಕೆ ಬೆಳೆಯದು, ಕೈಗಾರಿಕೆ ಬೆಳೆಯದೆ ಬಡತನ ಹೋಗದು ಎಂಬ ವಾದ ಇಟ್ಟರು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ಮುಂದೆ 1948ರ ವಿದ್ಯುತ್ ಕಾಯ್ದೆ ಬಂತು. ಅದರ ಅಡಿಯಲ್ಲೇ 1960ರಲ್ಲಿ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ, ನಮ್ಮ ಮಂದಿ ಬಾಯಲ್ಲಿ ಎಂ.ಎಸ್.ಇ.ಬಿ., ಹುಟ್ಟಿತು.

ಹಾಗಾದರೆ ಕೇರಿಗೆ ಲೈಟು ಬರಲು ಅಷ್ಟು ತಡ ಯಾಕಾಯ್ತು? ಉತ್ತರ ಸರ್ಕಾರದ ಒಂದು ವ್ಯಾಖ್ಯೆಯಲ್ಲಿ ಇದೆ. 1997ರ ತನಕ ಊರಿನ ಸರಹದ್ದಿನಲ್ಲಿ ಯಾವುದೇ ಕೆಲಸಕ್ಕೆ ಕರೆಂಟು ಬಳಸಿದರೆ ಸಾಕು, ಇಡೀ ಊರು 'ವಿದ್ಯುದೀಕರಣಗೊಂಡ ಗ್ರಾಮ'. ಗೌಡರ ಹೊಲದಾಗ ಒಂದು ಪಂಪು ತಿರುಗಿದರೂ ಲೆಕ್ಕಕ್ಕೆ ಆಯಿತು! 1997ರಲ್ಲಿ ಜನ ವಾಸಿಸುವ ಜಾಗದಲ್ಲಿ ಬಳಕೆ ಇರಬೇಕು ಎಂದು ತಿದ್ದಿದರು. ಆದರೂ ಊರೊಳಗೆ ದೀಪ ಹತ್ತಿ, ಕೇರಿ ಕತ್ತಲಲ್ಲಿದ್ದರೆ ಕೇಳುವವರಿಲ್ಲ. 2004ರಲ್ಲಿ ಬಂದ ವ್ಯಾಖ್ಯೆ ಮಾತ್ರ ದಲಿತ ಬಸ್ತಿ ಎಂದು ಹೆಸರು ಹಿಡಿದು ಹೇಳಿತು: ಅಲ್ಲಿಯೂ ತಂತಿ, ಟ್ರಾನ್ಸ್‌ಫಾರ್ಮರಿನ ವ್ಯವಸ್ಥೆ ಇರಬೇಕು, ಊರಿನ ಕನಿಷ್ಠ 10% ಮನೆಗಳಿಗೆ ಕರೆಂಟು ಇರಬೇಕು. ಸ್ವಾತಂತ್ರ್ಯ ಬಂದು 57 ವರ್ಷಕ್ಕೆ ಕಾಗದದ ಮೇಲೆ ನಮ್ಮ ಕೇರಿ ಊರಿನ ಭಾಗವಾಯಿತು.

ಅದಕ್ಕೂ ಮೊದಲು, 1988-89ರಲ್ಲಿ ಕುಟೀರ ಜ್ಯೋತಿ ಯೋಜನೆ ಬಂದಿತ್ತು. ಬಡವರ ಮನೆಗೆ ಒಂದೇ ದೀಪದ ಕನೆಕ್ಷನ್ನು. ಒಂದು ತಂತಿ, ಒಂದು ಹೋಲ್ಡರು, ಒಂದು ಬಲ್ಬು. ಪ್ಲಗ್ ಇಲ್ಲ. ಆ ಬೆಳಕಿನಾಗ ಓದಿದ ಅಣ್ಣಂದಿರು ನಮ್ಮಲ್ಲಿದ್ದಾರೆ, ಅದನ್ನು ಸಣ್ಣದು ಅನ್ನಲಾರೆ. ಆದರೆ ರೇಡಿಯೋ ಹಚ್ಚಬೇಕಾದರೆ ಬಲ್ಬು ತೆಗೆದು ಹೋಲ್ಡರಿಗೆ ಪಿನ್ನು ಸಿಕ್ಕಿಸಬೇಕು, ಮನೆಯೆಲ್ಲಾ ಕತ್ತಲು. ಅಮೆರಿಕದವರು 1904ರಲ್ಲಿ ಮಾಡಿದ್ದನ್ನು ನಾವು ಎಂಬತ್ತು ವರ್ಷ ದಾಟಿದ ಮೇಲೆ ಮಾಡುತ್ತಿದ್ದೆವು. ಮೊಬೈಲು ಬಂದಾಗ ಚಾರ್ಜಿಗೆ ಊರೊಳಗಿನ ಅಂಗಡಿಗೆ ಹೋಗಬೇಕು, ಹೊರಗೇ ನಿಂತು ಕೈಚಾಚಿ ಕೊಡಬೇಕು. 2017ರ ಸೌಭಾಗ್ಯ ಯೋಜನೆಯಲ್ಲಿ ಒಂದು ಎಲ್‌ಇಡಿ ಬಲ್ಬಿನ ಜೊತೆ ಮೊಬೈಲ್ ಚಾರ್ಜಿಂಗ್ ಪಾಯಿಂಟೂ ಸೇರಿತು. ಅಂಗಡಿ ಮುಂದೆ ನಿಲ್ಲೋದು ತಪ್ಪಿತು.

ಈಗ ಎರಡನೇ, ಮೂರನೇ ಪಾಯಿಂಟು ನಾವೇ ಹಾಕಿಸಿಕೊಳ್ಳುವ ಕಾಲ. ಇಲ್ಲೊಂದು ಎಚ್ಚರಿಕೆ. ನಮ್ಮ ಮನೆಗೆ ಹೊರಗಿನವರೊಬ್ಬರು ಪ್ಲಗ್ ಹಾಕಿಕೊಟ್ಟರು, ಮೂರು ತೂತಿತ್ತು, ಮೇಲಿನ ದೊಡ್ಡ ತೂತಿಗೆ ತಂತಿಯೇ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಡಿದ ಅವ್ವಗ ಝುಮ್ಮಂತ ಹೊಡೀತು. ಕಾಲಾಗ ರಬ್ಬರ್ ಚಪ್ಪಲಿ ಇತ್ತು, ಉಳಿದಳು. ಕಾಕಾ ಬಂದು ಬೋರ್ಡು ಬಿಚ್ಚಿ, "ಇದು ಪ್ಲಗ್ ಅಲ್ಲೋ, ಬರೀ ಮಾರಿ ತೋರಿಸ್ಯಾರ" ಅಂದ್ರು.

ಆ ದೊಡ್ಡ ಪಿನ್ನು ಅರ್ಥಿಂಗಿನದು. ಬೇರೆ ಪಿನ್ನಿಗಿಂತ ಉದ್ದ ಇರುತ್ತದೆ, ಕರೆಂಟಿಗಿಂತ ಮೊದಲು ನೆಲದ ಸಂಪರ್ಕ ಆಗಲಿ ಅಂತ. ಅದರ ಹಸಿರು ತಂತಿ ನೆಲದಲ್ಲಿ ಹೂತ ಅರ್ಥಿಂಗಿಗೆ ಮುಟ್ಟಲೇಬೇಕು. ಸ್ವಿಚ್ಚು ಫೇಸ್ ತಂತಿಯ ಮೇಲೇ ಇರಬೇಕು. 6 ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ಹೆಚ್ಚೆಂದರೆ 1380 ವ್ಯಾಟು ತಡೆದೀತು. ನೀರು ಕಾಸುವ ರಾಡಿಗೆ, ಗೀಝರಿಗೆ 16 ಆಂಪಿಯರಿನದು, ದಪ್ಪ ತಂತಿಯೊಂದಿಗೆ ಬೇರೆಯೇ ಬೇಕು. ಹಳೆಯ ಬಲ್ಬಿನ ತಂತಿಗೇ ಜೋಡಿಸಿದರೆ ಅದು ಕಾಯ್ದು ಸುಡುತ್ತದೆ. ಮೀಟರಿನ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಜೀವಕ್ಕೆ ಕಾವಲು. ಮತ್ತು ಕೆಲಸ ಲೈಸೆನ್ಸ್ ಇದ್ದವರ ಕೈಯಿಂದಲೇ ಆಗಲಿ.

ನಮ್ಮ ತರುಣರಲ್ಲಿ ಐಟಿಐ ಕಲಿತವರು ಇದ್ದಾರೆ. ಈ ವಾರ್ಷಿಕೋತ್ಸವದ ಪೆಂಡಾಲಿನ ದೀಪಗಳನ್ನು ಬಿಚ್ಚಿಟ್ಟ ಮೇಲೆ, ಒಂದು ಭಾನುವಾರ ಮನೆಮನೆಗೆ ಹೋಗಿ ಆ ಮೇಲಿನ ತೂತಿಗೆ ತಂತಿ ಐತೋ ಇಲ್ಲೋ ನೋಡೋಣ. ಇಲ್ಲದ ಮನೆಗಳ ಪಟ್ಟಿ ಮಾಡಿ, ಕಾಕಾನ್ನ ಮುಂದಿಟ್ಟುಕೊಂಡು ಸರಿ ಮಾಡಿಸೋಣ. ಕೇರಿಗೆ ಕರೆಂಟು ತರಲು ಹಿರಿಯರು ಅಷ್ಟು ವರ್ಷ ಕಾದರು. ಬಂದ ಕರೆಂಟು ಯಾರ ಅವ್ವನ ಜೀವಕ್ಕೂ ಎರವಾಗದಂತೆ ನೋಡಿಕೊಳ್ಳೋದು ನಮ್ಮ ಪಾಲಿನ ಕೆಲಸ.